ಎನ್‌ಎಸ್‌ಎಕ್ಸ್ ಎಡ್ಜ್ ಕ್ಲಸ್ಟರ್: ಕೆಲಸಕ್ಕೆ ಗಟ್ಟಿ, ಸೆಟಪ್‌ಗೆ ತಾಳ್ಮೆ ಬೇಕು

ಡೇಟಾ ಸೆಂಟರ್ ನೆಟ್‌ವರ್ಕನ್ನು ಸಾಫ್ಟ್‌ವೇರ್‌ನಲ್ಲೇ ಕಟ್ಟುವ ವಿಎಂವೇರ್ ಎನ್‌ಎಸ್‌ಎಕ್ಸ್‌ನಲ್ಲಿ, ಒಳಗಿನ ಟ್ರಾಫಿಕ್ಕನ್ನು ಹೊರಗಿನ ನೆಟ್‌ವರ್ಕ್‌ಗೆ ದಾಟಿಸುವ ಎಡ್ಜ್ ನೋಡ್‌ಗಳ ಬಗ್ಗೆ ಒಂದೆರಡು ಮಾತು. ಮ್ಯಾನೇಜರ್ ಸ್ಕ್ರೀನ್‌ನಿಂದ ಎರಡು ನೋಡ್ ಎಬ್ಬಿಸಿ ಕ್ಲಸ್ಟರ್‌ಗೆ (ನೋಡ್‌ಗಳ ಗುಂಪು) ಸೇರಿಸೋದು ಸುಲಭ. ಒಂದು ಕ್ಲಸ್ಟರ್‌ಗೆ 10 ನೋಡ್‌ವರೆಗೆ ಹಾಕಬಹುದು. ಒಂದು ಬಿದ್ದರೆ ನೋಡ್‌ಗಳ ನಡುವಿನ ಸಂಪರ್ಕ ಪರೀಕ್ಷಿಸುತ್ತಲೇ ಇರುವ ಬಿಎಫ್‌ಡಿ ಅದನ್ನು ಬೇಗ ಹಿಡಿಯುತ್ತದೆ, ಟ್ರಾಫಿಕ್ ಇನ್ನೊಂದಕ್ಕೆ ಹೋಗುತ್ತದೆ. ಇದು ನನಗೆ ತುಂಬಾ ಇಷ್ಟ.

ತಲೆನೋವು ಇರೋದು ಕೆಳಗಿನ ಭೌತಿಕ ನೆಟ್‌ವರ್ಕ್‌ನಲ್ಲಿ. ಪ್ಯಾಕೆಟ್‌ಗಳನ್ನು ಸುತ್ತಿ ಕಳಿಸುವ ಜಿನೀವ್ ಹೆಡರ್ ಸೇರುವುದರಿಂದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಕನಿಷ್ಠ 1600 ಬೈಟ್ ಬೇಕು, ದಾರಿಯಲ್ಲಿ ಯಾವುದೋ ಒಂದು ಸ್ವಿಚ್ 1500ರಲ್ಲೇ ಕೂತಿದ್ದರೆ ಸಣ್ಣ ಪಿಂಗ್ ಸಲೀಸಾಗಿ ಹೋಗುತ್ತದೆ, ದೊಡ್ಡ ಪ್ಯಾಕೆಟ್ ಮಾತ್ರ ಸದ್ದಿಲ್ಲದೆ ಮಾಯ, ಆಗ ಎಲ್ಲರೂ ಸುಮ್ನೆ ಫೈರ್‌ವಾಲ್ ಮೇಲೆ ಅನುಮಾನ ಪಡ್ತಾರೆ. 1572 ಬೈಟ್ ಸೈಜ್ ಕೊಟ್ಟು (1600ರಲ್ಲಿ ಉಳಿದದ್ದು ಪಿಂಗ್‌ನ ಹೆಡರ್‌ಗಳಿಗೆ), ತುಂಡು ಮಾಡಬೇಡ ಅಂತ ಹೇಳಿ ಟೆಪ್‌ನಿಂದ (ಜಿನೀವ್ ಸುರಂಗದ ಒಂದು ತುದಿ) ಟೆಪ್‌ಗೆ ಪಿಂಗ್ ಮಾಡಿ ನೋಡಿ. ಉತ್ತರ ಬಂದರೆ ಮುಂದಿನ ಕೆಲಸ.

ನೋಡ್ ಸೈಜ್ ಮೊದಲೇ ಯೋಚಿಸಿ ಆರಿಸಿ. ಸ್ಮಾಲ್ ಅಂದರೆ 2 ವಿಸಿಪಿಯು (ವರ್ಚುವಲ್ ಪ್ರೊಸೆಸರ್), 4 ಜಿಬಿ ರ್‍ಯಾಮ್, ಲ್ಯಾಬ್‌ಗೆ ಸಾಕು. ಲಾರ್ಜ್‌ಗೆ 8 ವಿಸಿಪಿಯು, 32 ಜಿಬಿ. ಆಮೇಲೆ ದೊಡ್ಡದು ಬೇಕೆನಿಸಿದರೆ ಹೊಸ ನೋಡ್ ಎಬ್ಬಿಸಿ ಹಳೆಯದರ ಜಾಗಕ್ಕೆ ಬದಲಿಸಬೇಕು. ಇಷ್ಟು ಬೆಲೆಬಾಳುವ ಸಾಫ್ಟ್‌ವೇರ್‌ನಲ್ಲಿ ಇದು ಸ್ವಲ್ಪ ಜಾಸ್ತಿಯೇ ಆಯ್ತು, ಅಲ್ವಾ? ಇನ್ನೊಂದು, ಒಂದು ನೋಡ್‌ನಲ್ಲಿ ಒಂದೇ ಟಿಯರ್-0 ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ಜೋಡಿಸುವ ರೂಟರ್) ಕೂರುತ್ತದೆ.

ಎರಡು ಎಡ್ಜ್‌ಗಳೂ ಒಂದೇ ಹೋಸ್ಟ್ (ಭೌತಿಕ ಸರ್ವರ್) ಮೇಲೆ ಕೂರದಂತೆ ಡಿಆರ್‌ಎಸ್‌ನಲ್ಲಿ (ವರ್ಚುವಲ್ ಮೆಷಿನ್‌ಗಳನ್ನು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ) ರೂಲ್ ಹಾಕಿ. ಸಣ್ಣ ಆಫೀಸಿಗೆ ಇದೆಲ್ಲ ಬೇಡ, ಮಾಮೂಲಿ ರೂಟರ್ ಸಾಕು. ದೊಡ್ಡ ಡೇಟಾ ಸೆಂಟರ್ ನೋಡಿಕೊಳ್ಳುವವರಿಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.