ದ್ವೇಷಾಪರಾಧ ಕಲಿಸುವ ಆನ್‌ಲೈನ್ ಕೋರ್ಸ್: ಒಬ್ಬ ಹಳೇ ಕೋರ್ಟ್ ಸ್ಟೆನೋ ನೋಡಿದಂತೆ

ಸಾಕ್ಷಿಗಳ ಹೇಳಿಕೆ ಬರೆದುಕೊಂಡೇ ನನ್ನ ನೌಕರಿ ಮುಗಿಯಿತು. ಹಾಗಾಗಿ ಯಾರು ಏನೇ ಪಾಠ ಹೇಳಿದರೂ, ಪಾಟಿ ಸವಾಲಿಗೆ ಒಡ್ಡಿದರೆ ಇದು ನಿಲ್ಲುತ್ತದಾ ಅಂತಲೇ ತಲೆ ಓಡುತ್ತದೆ. ದ್ವೇಷಾಪರಾಧ ಮತ್ತು ಸಂಘಟಿತ ದ್ವೇಷದ ಬಗ್ಗೆ ಆರು ವಾರದ ಈ ಕೋರ್ಸಿಗೆ ಮಗಳು ಹೆಸರು ಬರೆಸಿದಾಗಲೂ ಅದೇ ಗುಮಾನಿಯಲ್ಲಿ ಕೂತೆ. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸ್‌ಗಳು ಈಗ ಬೇಕಾದಷ್ಟಿವೆ. ನೀವು ಯಾವುದಕ್ಕೆ ಸೇರಿದರೂ ಏನನ್ನು ಹುಡುಕಬೇಕು ಅಂತ ಗೊತ್ತಾದರೆ ಸಾಕು.

ಮೊದಲ ವಾರ ನೀರಸ. ಮೆಲುದನಿಯ ಸಂಗೀತ, ಬೇರೆ ಬೇರೆ ಬಣ್ಣದ ಕೈಗಳು ಒಂದರ ಮೇಲೊಂದು ಇಟ್ಟ ಫೋಟೊ, "ದ್ವೇಷ ಅಜ್ಞಾನದಿಂದ ಹುಟ್ಟುತ್ತದೆ" ಅನ್ನುವ ಮಾತು. ಅಜ್ಞಾನವೇ ಕಾರಣ ಆಗಿದ್ದರೆ ಪಾಠ ಹೇಳಿ ಮುಗಿಸಬಹುದಿತ್ತು, ಅಲ್ವಾ? ಸಂಘಟನೆ ಕಟ್ಟಿಕೊಂಡು ದ್ವೇಷ ಹಂಚುವವರಿಗೆ ಸದಸ್ಯರ ಪಟ್ಟಿ ಇರುತ್ತದೆ, ಖಜಾಂಚಿ ಇರುತ್ತಾನೆ, ವಕೀಲರೂ ಇರುತ್ತಾರೆ. ಕರಪತ್ರ ಬರೆಯುವವನು ಚೆನ್ನಾಗಿ ಓದಿಕೊಂಡವನೇ ಆಗಿರಬಹುದು. ಇದನ್ನು ಕೋರ್ಸೇ ನಾಲ್ಕನೇ ವಾರದಲ್ಲಿ ಹೇಳುತ್ತದೆ. ಹಾಗಿದ್ದ ಮೇಲೆ ಆ ಪೀಠಿಕೆ ಯಾಕೆ ಬೇಕಿತ್ತೋ!

ಎರಡನೇ ವಾರಕ್ಕೆ ಪಾಠ ನೆಲಕ್ಕಿಳಿಯುತ್ತದೆ. ದ್ವೇಷಾಪರಾಧ ಅಂದರೆ ಎರಡು ಭಾಗ. ಕಾನೂನಿನಲ್ಲಿ ಮೊದಲೇ ಅಪರಾಧ ಅನಿಸಿಕೊಂಡ ಒಂದು ಕೆಲಸ ನಡೆದಿರಬೇಕು: ಹಲ್ಲೆ, ಬೆಂಕಿ, ಕೊಲೆ, ಗೋಡೆ ಹಾಳು ಮಾಡುವುದು, ಏನೇ ಆಗಲಿ. ಆ ವ್ಯಕ್ತಿಯನ್ನೋ ಜಾಗವನ್ನೋ ಆರಿಸಿಕೊಂಡಿದ್ದಕ್ಕೆ ಜನಾಂಗ, ಧರ್ಮ, ಅಂಗವೈಕಲ್ಯ, ಲೈಂಗಿಕತೆ ಇಂಥದ್ದರ ಮೇಲಿನ ಪೂರ್ವಗ್ರಹ ಕಾರಣವಾಗಿರಬೇಕು. ಆರೋಪಿಗೆ ಆ ಮನುಷ್ಯನ ಮೇಲೆ ವೈಯಕ್ತಿಕ ಸಿಟ್ಟು ಇರಲೇಬೇಕು ಅಂತಿಲ್ಲ. ಎಷ್ಟೋ ಸಲ ಹೊಡೆಸಿಕೊಂಡವನ ಹೆಸರೂ ಹೊಡೆದವನಿಗೆ ಗೊತ್ತಿರುವುದಿಲ್ಲ. ಏಟು ಒಬ್ಬರಿಗೆ ಬಿದ್ದರೂ ಎಚ್ಚರಿಕೆ ಇಡೀ ಸಮುದಾಯಕ್ಕೆ ಹೋಗುತ್ತದೆ. ಶಿಕ್ಷೆ ಜಾಸ್ತಿ ಇರಬೇಕು ಅನ್ನುವ ವಾದಕ್ಕೆ ಮುಖ್ಯ ಆಧಾರ ಇದು.

ಸುಳಿವುಗಳನ್ನು ಹುಡುಕುವ ಕ್ವಿಜ್ ಚೆನ್ನಾಗಿದೆ. ಅಂಗಡಿ ಒಡೆದಿದ್ದಾರೆ, ಗಲ್ಲಾಪೆಟ್ಟಿಗೆ ಹಾಗೇ ಇದೆ. ಬೀದಿಯ ಅಷ್ಟೂ ಮನೆಗಳಲ್ಲಿ ಒಂದೇ ಸಮುದಾಯದವರ ಕಿಟಕಿಗಳಿಗೆ ಮಾತ್ರ ಕಲ್ಲು ಬಿದ್ದಿದೆ. ಘಟನೆ ನಡೆದದ್ದು ಅವರ ಹಬ್ಬದ ದಿನ. ಒಂದೊಂದೇ ಆದರೆ ಕಾಕತಾಳೀಯ ಅನ್ನಬಹುದು. ಮೂರು ಸೇರಿದರೆ ತನಿಖಾಧಿಕಾರಿ ಪ್ರಶ್ನೆ ಕೇಳಲೇಬೇಕು.

ಮೂರನೇ ವಾರ ನನ್ನ ಕಸುಬಿಗೆ ಹತ್ತಿರದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬಸ್ಸಿನಲ್ಲಿ ಹೊಡೆಸಿಕೊಂಡ ಒಬ್ಬನ ಆಡಿಯೊ ಕೇಳಿಸುತ್ತಾರೆ. ಕೇಳಿ ನೀವು ಅವನ ಹೇಳಿಕೆ ಟೈಪ್ ಮಾಡಬೇಕು. ದೂರುಗಳಲ್ಲಿ ಕಾಣುವ ಸಿದ್ಧ ಸಾಲು ಎಲ್ಲರಿಗೂ ಗೊತ್ತು: "ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದು". ಯಾರದ್ದೇ ಜಗಳಕ್ಕೂ ಒಗ್ಗುವ ಸಾಲು. ಅದನ್ನು ಬರೆದರೆ ಇಲ್ಲಿ ಕೆಂಪು ಗೆರೆ ಬೀಳುತ್ತದೆ. ಆ ಆಡಿಯೊದಲ್ಲಿ ಅವನು ಹೇಳಿದ್ದು, "ನಿಮ್ಮವರು ಈ ಕಡೆ ಕಾಲಿಡಬಾರದು ಅಂದ, ಆಮೇಲೆ ಹೊಡೆದ" ಅಂತ. ಆ ಮಾತು ಕಾಗದಕ್ಕೆ ಬರದಿದ್ದರೆ ಉಳಿಯುವುದು ಸುಮ್ನೆ ಒಂದು ಹೊಡೆದಾಟ. ಮರ್ಯಾದೆಗೆ ಅಂಜಿ ಬೈಗುಳ ಬಿಟ್ಟರೆ ಬಿಟ್ಟುಹೋಗುವುದು ಸಾಕ್ಷ್ಯ.

ಇದರಲ್ಲೇ ಇನ್ನೊಂದು ಕೊಕ್ಕೆ ಇಟ್ಟಿದ್ದಾರೆ. ಆಡಿಯೊದ ಶುರುವಿನಲ್ಲಿ ಸೀಟಿನ ಬಗ್ಗೆ ಸಣ್ಣ ತಕರಾರು ಬರುತ್ತದೆ. ಅದನ್ನು ಬರೆಯಬೇಕಾ ಬಿಡಬೇಕಾ? ಬರೆಯಲೇಬೇಕು ಅನ್ನುತ್ತದೆ ಕೋರ್ಸ್. ನೂರಕ್ಕೆ ನೂರು ಸರಿ. ಯಾವ ಮಾತು ಮೊದಲು, ಯಾವುದು ಆಮೇಲೆ, ಏಟು ಯಾವಾಗ ಬಿತ್ತು, ಅದೇ ಕ್ರಮದಲ್ಲಿ ಬರಬೇಕು. ಸೀಟಿನ ಜಗಳ ಮುಚ್ಚಿಟ್ಟರೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಇಡೀ ಸಾಕ್ಷಿಯನ್ನು ಅಲ್ಲಾಡಿಸುತ್ತಾರೆ. ಎದುರಿಗೇ ಕೂತು ಟೈಪ್ ಮಾಡಿದವರಿಗೆ ಅದು ಹೇಗಿರುತ್ತದೆ ಅಂತ ಗೊತ್ತು.

ಇದೇ ವಾರ ಸ್ಟೀಫನ್ ಲಾರೆನ್ಸ್ ಪ್ರಕರಣ ಬರುತ್ತದೆ. 1993ರ ಏಪ್ರಿಲ್ 22ರಂದು ಲಂಡನ್ನಿನ ಎಲ್ಟಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ 18 ವರ್ಷದ ಕಪ್ಪು ಹುಡುಗ. ಬಿಳಿಯ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸರ ತನಿಖೆ ಹಳಿ ತಪ್ಪಿತು. ಆ ತನಿಖೆಯ ಬಗ್ಗೆಯೇ ನಡೆದ ವಿಚಾರಣೆಯ 1999ರ ಮ್ಯಾಕ್ಫರ್ಸನ್ ವರದಿ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗಭೇದ ಇದೆ ಅಂದಿತು, 70 ಶಿಫಾರಸು ಮಾಡಿತು. ಇಬ್ಬರಿಗೆ ಶಿಕ್ಷೆ ಆಗುವಾಗ 2012 ಬಂದಿತ್ತು. ತೊಂದರೆಗೊಳಗಾದವರಿಗಾಗಲಿ ಬೇರೆ ಯಾರಿಗಾಗಲಿ ಇದು ಜನಾಂಗದ್ವೇಷ ಅನಿಸಿದರೆ ಹಾಗೆಂದೇ ದಾಖಲಿಸಿಕೊಳ್ಳಿ ಅನ್ನುವ ನಿಯಮ ಆ ವರದಿಯದ್ದು. ಇದನ್ನು ಕೇಳಿ ಹಲವರು, ಯಾರಿಗೋ ಅನಿಸಿದರೆ ಸಾಕಾ ಅಂತ ರೇಗುತ್ತಾರೆ. ಅನಿಸಿದರೆ ಸಾಕು ಅಂದಿದ್ದು ದಾಖಲಿಸಲು, ಶಿಕ್ಷೆ ಕೊಡಲು ಅಲ್ಲ. ಕೋರ್ಟಿನಲ್ಲಿ ಪುರಾವೆ ಬೇಕೇ ಬೇಕು. ಈ ವ್ಯತ್ಯಾಸವನ್ನು ಕೋರ್ಸ್ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದೆ. ಇನ್ನೂ ಬಿಡಿಸಿ ಹೇಳಬೇಕಿತ್ತು.

ನಾಲ್ಕನೇ ವಾರ ಸಂಘಟನೆಗಳದ್ದು. ಇಲ್ಲಿ ಪಾಠ ಹೇಳುವವರು ವಕೀಲರು, ಭಾಷಣದ ಗೀಳಿಲ್ಲದವರು. ಅಮೆರಿಕದ ಅಲಬಾಮಾದ ಮೊಬೀಲ್ ಊರಿನಲ್ಲಿ 1981ರಲ್ಲಿ ಮೈಕೆಲ್ ಡೊನಾಲ್ಡ್ ಎಂಬ 19ರ ಕಪ್ಪು ಯುವಕನನ್ನು, ಬಿಳಿಯರೇ ಮೇಲು ಅನ್ನುವ ಕು ಕ್ಲಕ್ಸ್ ಕ್ಲಾನ್‌ನವರು ಕೊಂದು ಮರಕ್ಕೆ ನೇತುಹಾಕಿದರು. ಅವನ ಪರಿಚಯವೂ ಅವರಿಗಿರಲಿಲ್ಲ. ಪೊಲೀಸರು ಮೊದಲು ಮಾದಕ ವಸ್ತುವಿನ ವ್ಯವಹಾರ ಇರಬೇಕು ಅಂದುಕೊಂಡರು. ಕೊಂದವರಿಗೆ ಶಿಕ್ಷೆ ಆಯಿತು. ಆದರೆ ತಾಯಿ ಬ್ಯೂಲಾ ಮೇ ಡೊನಾಲ್ಡ್ ಅಷ್ಟಕ್ಕೇ ಬಿಡಲಿಲ್ಲ. ಕೊಂದವರು ಸೇರಿದ್ದ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕ ಅನ್ನುವ ಸಂಘಟನೆಯ ಮೇಲೇ ಸಿವಿಲ್ ದಾವೆ ಹೂಡಿದರು. ಸದಸ್ಯರು ಮಾಡಿದ್ದಕ್ಕೆ ಸಂಘಟನೆ ಹೊಣೆ ಹೌದಾ ಅನ್ನುವುದೇ ಪ್ರಶ್ನೆ. ಹೌದು ಅಂದಿತು ಜ್ಯೂರಿ. 1987ರಲ್ಲಿ 70 ಲಕ್ಷ ಡಾಲರ್ ಪರಿಹಾರ ಘೋಷಿಸಿತು.

ಅಷ್ಟು ಹಣ ಅವರ ಬಳಿ ಎಲ್ಲಿತ್ತು? ಟಸ್ಕಲೂಸಾದಲ್ಲಿದ್ದ ಅವರ ಕೇಂದ್ರ ಕಚೇರಿಯ ಕಟ್ಟಡ ತಾಯಿಯ ಪಾಲಿಗೆ ಬಂತು. ಮಾರಿದಾಗ ಸಿಕ್ಕಿದ್ದು ಸುಮಾರು 52 ಸಾವಿರ ಡಾಲರ್. ಡಿಕ್ರಿ ಮೊತ್ತ ನೋಡಿದರೆ ಏನೂ ಅಲ್ಲ. ಆದರೆ ಸಂಘಟನೆ ದಿವಾಳಿ ಎದ್ದಿತು. ಕ್ರಿಮಿನಲ್ ಕೇಸು ಹೊಡೆದ ಕೈಯನ್ನು ಹಿಡಿದರೆ ಸಿವಿಲ್ ದಾವೆ ಅದರ ಹಿಂದಿನ ಕಚೇರಿಯನ್ನು ಹಿಡಿಯಿತು. ಸಿವಿಲ್ ಕೇಸಿನಲ್ಲಿ ಪುರಾವೆಯ ಮಟ್ಟವೂ ಕಡಿಮೆ. ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಯಾವ ಕಡೆಯ ತೂಕ ಹೆಚ್ಚು ಅಂತ ತೋರಿಸಿದರೆ ಆಯಿತು. ಈ ಉಪನ್ಯಾಸವನ್ನು ಇನ್ನೊಮ್ಮೆ ಕೇಳಿದೆ.

ಪಕ್ಕದಲ್ಲೇ ಜರ್ಮನಿಯ ಕಥೆ. ವುನ್‌ಸಿಡೆಲ್ ಅನ್ನುವ ಪುಟ್ಟ ಊರಿಗೆ ನವ ನಾತ್ಸಿಗಳು ವರ್ಷ ವರ್ಷ ಮೆರವಣಿಗೆ ಬರುತ್ತಿದ್ದರು. ಹಿಟ್ಲರನ ಸಹಚರ ರುಡಾಲ್ಫ್ ಹೆಸ್‌ನನ್ನು ಹೂಳಿದ್ದು ಅಲ್ಲಿ. 2014ರಲ್ಲಿ ಊರವರು, ಮೆರವಣಿಗೆಯವರು ನಡೆಯುವ ಪ್ರತಿ ಮೀಟರಿಗೆ 10 ಯೂರೊ ಅಂತ ದಾನಿಗಳಿಂದ ಹಣ ಎತ್ತಿದರು. ಒಟ್ಟು 10,000 ಯೂರೊ ಹೋಗಿದ್ದು ನಾತ್ಸಿ ಗುಂಪು ಬಿಟ್ಟು ಬರುವವರಿಗೆ ನೆರವಾಗುವ ಎಕ್ಸಿಟ್ ಡಾಯ್ಚ್‌ಲ್ಯಾಂಡ್‌ಗೆ. ಮುಂದೆ ನಡೆದರೂ ನಷ್ಟ, ವಾಪಸ್ ಹೋದರೆ ಮಾನ ಹೋಗುತ್ತದೆ! ನನಗೆ ಜೋರಾಗಿ ನಗು ಬಂತು. ಹಾಗಂತ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಮೆರವಣಿಗೆಗೆ ಪೊಲೀಸ್ ಕಾವಲು ಇರಬೇಕು, ಊರವರಿಗೆ ಜೀವಭಯ ಇರಬಾರದು. ಅದನ್ನು ಕೋರ್ಸ್ ಹೇಳುವುದಿಲ್ಲ.

ಐದನೇ ವಾರ, ಕಣ್ಣೆದುರಿಗೆ ನಡೆದರೆ ಏನು ಮಾಡಬೇಕು. ಐದು ದಾರಿ: ಗಮನ ಬೇರೆ ಕಡೆ ಎಳೆಯುವುದು, ಇನ್ನೊಬ್ಬರನ್ನು ಕರೆಯುವುದು, ದಾಖಲಿಸುವುದು, ಆಮೇಲೆ ಹೋಗಿ ಮಾತಾಡಿಸುವುದು, ನೇರವಾಗಿ ತಡೆಯುವುದು. ಎದೆ ಸೆಟೆಸಿ ಎದುರು ನಿಲ್ಲುವುದೊಂದೇ ಧೈರ್ಯ ಅಂತ ಇಲ್ಲಿ ಹೇಳುವುದಿಲ್ಲ, ಅದು ಸಮಾಧಾನ. ನನ್ನ ವಯಸ್ಸಿನವರು ಬೈಯುವವನನ್ನು ಬಿಟ್ಟು ಬೈಸಿಕೊಳ್ಳುವವರ ಹತ್ತಿರ ಹೋಗಿ "ಮುಂದಿನ ಸ್ಟಾಪ್ ಯಾವುದಮ್ಮಾ?" ಅಂತ ಕೇಳಬಹುದು. ವಿಡಿಯೊ ತೆಗೆದರೆ ಅದನ್ನು ಅವರ ಕೈಗೇ ಕೊಡಬೇಕು, ಕೇಳದೆ ಎಲ್ಲಿಗೂ ಹಾಕಬಾರದು. ಈ ಒಂದು ಮಾತಿಗೆ ಇಡೀ ವಾರ ಕೇಳಬಹುದು.

ಆರನೆಯದು ಗುಂಪು ಬಿಟ್ಟವರ ಸಂದರ್ಶನಗಳು. ಕೆಲವು ಚೆನ್ನಾಗಿವೆ, ಕೆಲವು ಬಣ್ಣ ಹಚ್ಚಿದಂತಿವೆ. ಬಿಟ್ಟು ಬಂದವರಿಗೆ ಸಿಕ್ಕಷ್ಟು ಹೊತ್ತು ಏಟು ತಿಂದವರಿಗೆ ಸಿಕ್ಕಿಲ್ಲ, ಅದು ನನ್ನ ದೊಡ್ಡ ದೂರು. ಇನ್ನೊಂದು, ಉದಾಹರಣೆಗಳೆಲ್ಲ ಅಮೆರಿಕ ಮತ್ತು ಯೂರೋಪಿನವು. 1994ರ ರುವಾಂಡಾಕ್ಕೆ ಒಂದೇ ಸ್ಲೈಡ್. ರೇಡಿಯೊದಲ್ಲಿ ಜನರನ್ನು "ಜಿರಲೆ" ಅಂತ ಕರೆದು ಕೊಲ್ಲಲು ಹುರಿದುಂಬಿಸಿದ ಜಾಗ ಅದು. ಸಂಘಟಿತ ದ್ವೇಷ ಕಲಿಸುವವರು ಅಲ್ಲಿ ಒಂದು ವಾರವಾದರೂ ನಿಲ್ಲಬೇಕಿತ್ತು.

ಹಣ ಕೊಡಬೇಕಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡುವ ಅಭ್ಯಾಸಗಳು ಸರಿಯಾಗಿ ತೆರೆಯುವುದಿಲ್ಲ, ಕಂಪ್ಯೂಟರ್ ಬೇಕು. ಶಾಲೆ ನಡೆಸುವವರು, ವಸತಿ ಸಂಘದ ಕಾರ್ಯದರ್ಶಿಗಳು, ದೂರು ಬರೆದುಕೊಡುವ ಕಿರಿಯ ವಕೀಲರು ಬಿಡುವು ಮಾಡಿಕೊಂಡು ಸೇರಬಹುದು. ಐದಕ್ಕೆ ನಾಲ್ಕು ಕೊಡುತ್ತೇನೆ.