ಹನ್ನೆರಡಕ್ಕೆ ನಿಲ್ಲಿಸೋದಾ, ಹದಿನಾರರವರೆಗೂ ಹೋಗೋದಾ?

1995ರಲ್ಲಿ ಶುರುವಾದ, ಬೈಬಲ್ ಹೇಳುವ ಲೋಕಾಂತ್ಯದ ಕತೆ ಹೇಳುವ ಅಮೆರಿಕದ ‘ಲೆಫ್ಟ್ ಬಿಹೈಂಡ್’ ಕಾದಂಬರಿ ಸರಣಿಯ ಹನ್ನೊಂದು ಪುಸ್ತಕ ಮುಗಿಸಿದ್ದೀರಾ? ಹಾಗಾದರೆ ನಿಮ್ಮ ಮುಂದೆ ಎರಡು ಕೊನೆಗಳಿವೆ.

ಹನ್ನೆರಡನೆಯದಾದ 2004ರ ‘ಗ್ಲೋರಿಯಸ್ ಅಪಿಯರಿಂಗ್’ನಲ್ಲಿ ಯೇಸು ಕ್ರಿಸ್ತ ಮರಳಿ ಬರುತ್ತಾನೆ. ಕೈಯಲ್ಲಿ ಆಯುಧವಿಲ್ಲ. ಅವನು ಬೈಬಲ್ ವಾಕ್ಯ ನುಡಿದರೆ ಸಾಕು, ಎದುರಿನ ಸೈನಿಕರ ಮೈ ಸೀಳಿಹೋಗುತ್ತದೆ. ಈ ಪುಟಗಳಲ್ಲೇ ಓದುಗರು ಎರಡು ಪಾಲಾಗಿದ್ದು. ಇಷ್ಟು ದಿನ ಕಾದಿದ್ದಕ್ಕೂ ಸಾರ್ಥಕ ಎಂದು ಕೆಲವರಿಗೆ ಗಂಟಲುಬ್ಬಿ ಬಂತು. ಪ್ರೀತಿಯ ದೇವರ ಕತೆಯಲ್ಲಿ ಇಷ್ಟೊಂದು ರಕ್ತ ಯಾಕೆ ಅಂತ ಉಳಿದವರ ಮುಖ ಸಪ್ಪಗಾಯಿತು. ಯೇಸು ಬಾಯಿ ತೆರೆದರೆ ಬರೀ ವಚನ, ಮಾತುಕತೆಯೇ ಇಲ್ಲ ಅನ್ನೋ ದೂರೂ ಇದೆ. ನನಗೂ ಹಾಗೇ ಅನಿಸಿತು, ಆದರೆ ಪುಸ್ತಕ ಕೆಳಗಿಡಲು ಆಗಲಿಲ್ಲ.

2007ರ ‘ಕಿಂಗ್‌ಡಮ್ ಕಮ್’ ಹದಿನಾರನೆಯದು. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಕತೆ. ಕೆಟ್ಟವರ ಕೈಗೆ ಅಧಿಕಾರವೇ ಇಲ್ಲದ ಮೇಲೆ ಕಾದಂಬರಿಗೆ ಉಸಿರೆಲ್ಲಿಂದ ಬರಬೇಕು, ಅಲ್ವಾ? ನಂಬದವರು ನೂರು ವರ್ಷಕ್ಕೆ ಸಾಯುತ್ತಾರೆ ಅನ್ನೋ ನಿಯಮವೊಂದೇ ಸ್ವಲ್ಪ ಚುಚ್ಚುತ್ತದೆ. ಸೈತಾನನ ಕೊನೆಯ ಯುದ್ಧ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತುಂಬ ಜನ ಬೇಸರಪಟ್ಟಿದ್ದು ಅಲ್ಲೇ.

ನಡುವಿನ ಮೂರು ಪುಸ್ತಕ ಮೊದಲ ಕತೆಗೂ ಹಿಂದಕ್ಕೆ ಹೋಗುತ್ತವೆ. ಸುಮ್ನೆ ಬಿಡಿ.

ರೋಚಕತೆ ಬೇಕಿದ್ದರೆ ಹನ್ನೆರಡನೆಯದು ಓದಿ. ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ, ಆ ಸಾವಿರ ವರ್ಷದ ಮಾತು ಬರುವ ಇಪ್ಪತ್ತನೇ ಅಧ್ಯಾಯ ತಲೆಯಲ್ಲಿ ಕೊರೆಯುತ್ತಿದ್ದರೆ ಮಾತ್ರ ಹದಿನಾರನೆಯದು.