ಡೆಮೊ ನೋಡಿ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಡಿ, ಕಾರ್ಪೆಟ್ಟಿನ ಬುಡದ ಮರಳು ಅಲ್ಲೇ ಉಳಿಯುತ್ತದೆ

ಕಾರ್ಪೆಟ್ಟಿಗೆ ಅಂತ ಅಪ್‌ರೈಟ್ ವ್ಯಾಕ್ಯೂಮ್ ಕ್ಲೀನರ್ (ನೆಟ್ಟಗೆ ನಿಂತು ತಳ್ಳುವ, ಕೆಳಗಿನ ಬಾಯಲ್ಲಿ ತಿರುಗುವ ಬ್ರಶ್ ಇರುವ ಮಷಿನ್) ಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಮನೆಗೇ ಬಂದು ಡೆಮೊ ತೋರಿಸಿ ಮಾರುವ ಒಂದು ಮಷಿನ್ ನಾವು ತೆಗೆದುಕೊಂಡೆವು. ಹಾಲ್‌ನಲ್ಲಿದ್ದ ಉಣ್ಣೆಯ ಕಾರ್ಪೆಟ್ ಅದರಿಂದ ಹಾಳಾಯಿತು. ಬುಡದಲ್ಲಿ ಮರಳು ಹಾಗೇ ಉಳಿಯಿತು, ಮೇಲೆ ಎಳೆ ಕಿತ್ತು ಬಂತು, ಕೇಳಿದರೆ ಕಂಪನಿಯವರು ಕೈತೊಳೆದುಕೊಂಡರು. ಹೆಸರು ಹಾಕುತ್ತಿಲ್ಲ. ಹೀಗೆ ಮಾರುವವರು ಅವರೊಬ್ಬರೇ ಅಲ್ಲ, ಎರಡು ಮಷಿನ್‌ಗಳನ್ನು ಹೋಲಿಸಿ ತೋರಿಸುವ ಆ ರೀತಿಯೇ ಸರಿ ಇಲ್ಲ, ನಾನು ಹೇಳಬೇಕಾಗಿರುವುದು ಅದನ್ನೇ.

ಡೆಮೊ ಹೇಗೆ ನಡೆಯಿತು ಅಂದರೆ, ಬಂದವರು ಮೊದಲು ನಮ್ಮ ಹಳೇ ಮಷಿನ್ ತರಿಸಿದರು. ಕಾರ್ಪೆಟ್ಟಿನ ಒಂದು ಜಾಗ ತೋರಿಸಿ "ಚೆನ್ನಾಗಿ ಮಾಡಿ ಮೇಡಂ, ನಿಮಗೆ ಸಾಕು ಅನ್ನಿಸೋವರೆಗೂ ಮಾಡಿ" ಅಂದರು. ನಾನು ಮಾಡಿದೆ. ಆಮೇಲೆ ಅದೇ ಜಾಗದ ಮೇಲೆ ಅವರು ತಮ್ಮ ಮಷಿನ್ ಓಡಿಸಿದರು. ಅದರೊಳಗೆ ಗಾಳಿ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಪ್ಪು ಬಟ್ಟೆ ಇಟ್ಟಿದ್ದರು. ಒಂದೆರಡು ಸಲ ಹಿಂದೆ ಮುಂದೆ ಮಾಡಿ ಬಟ್ಟೆ ತೆಗೆದರೆ ಅದರ ತುಂಬ ಬೂದಿ ಬಣ್ಣದ ಧೂಳು. ಇನ್ನೊಂದು ಬಟ್ಟೆ ಇಟ್ಟರು, ಅದರಲ್ಲೂ ಧೂಳು. ಬಟ್ಟೆಗಳನ್ನು ಸಾಲಾಗಿ ನೆಲದ ಮೇಲೆ ಜೋಡಿಸುತ್ತಾ ಹೋದರು. "ಇಷ್ಟು ದಿನ ಮಕ್ಕಳು ಇದರ ಮೇಲೇ ಆಡ್ತಿದ್ರು ಅಲ್ವಾ ಮೇಡಂ" ಅಂದಾಗ ಯಾವ ತಾಯಿಗಾದರೂ ಎದೆ ಧಸಕ್ ಅನ್ನುತ್ತದೆ. ಅದನ್ನು ಗೊತ್ತಿದ್ದೇ ಹೇಳುವುದು.

ಈಗ ಇದರ ಒಳಗುಟ್ಟು ಕೇಳಿ. ಒಂದೇ ಸಲಕ್ಕೆ ಕಾರ್ಪೆಟ್ಟಿನಲ್ಲಿರುವ ಎಲ್ಲಾ ಧೂಳನ್ನು ತೆಗೆಯುವ ವ್ಯಾಕ್ಯೂಮ್ ಕ್ಲೀನರ್ ಇಲ್ಲ. ಪ್ರತಿ ಸಲ ಓಡಿಸಿದಾಗಲೂ ಸ್ವಲ್ಪ ಬರುತ್ತದೆ, ಸ್ವಲ್ಪ ಉಳಿಯುತ್ತದೆ. ಹಾಗಾಗಿ ಎರಡನೆಯದಾಗಿ ಓಡುವ ಮಷಿನ್ ಯಾವುದೇ ಆಗಿರಲಿ, ಅದಕ್ಕೆ ಏನಾದರೂ ಸಿಕ್ಕೇ ಸಿಗುತ್ತದೆ. ಅವರ ಮಷಿನ್ ಮೊದಲು ಓಡಿಸಿ, ಆಮೇಲೆ ನಮ್ಮ ಹಳೆಯದಕ್ಕೆ ಅದೇ ಕಪ್ಪು ಬಟ್ಟೆ ಕಟ್ಟಿ ಓಡಿಸಿದ್ದರೆ ಅದರಲ್ಲೂ ಧೂಳು ಬರುತ್ತಿತ್ತು. ಇದನ್ನು ನಾನು ಆಮೇಲೆ ಮನೆಯಲ್ಲೇ ಮಾಡಿ ನೋಡಿದ್ದೇನೆ, ಬಂತು. ಜೊತೆಗೆ ಬಟ್ಟೆಯ ಮೇಲೆ ಕಾಣುವುದು ನುಣ್ಣನೆ ಪುಡಿ. ಆ ಪುಡಿ ಸ್ವಲ್ಪವೇ ಇದ್ದರೂ ಬಟ್ಟೆ ಪೂರ್ತಿ ಬಣ್ಣಗೆಡುತ್ತದೆ, ತೂಕ ಹಾಕಿದರೆ ಏನೂ ಇರುವುದಿಲ್ಲ. ಕಾರ್ಪೆಟ್ಟನ್ನು ಹಾಳು ಮಾಡುವ ಮರಳು ಮಾತ್ರ ಕೆಳಗೆ ಎಳೆಗಳ ಬುಡದಲ್ಲಿ ಕೂತಿರುತ್ತದೆ.

ಮರಳಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಮಾರುವವರು ಯಾರೂ ಇದನ್ನು ಎತ್ತುವುದೇ ಇಲ್ಲ. ಕೂದಲು, ಬಿಸ್ಕತ್ ಚೂರು, ದಾರ, ಕಾಗದದ ತುಂಡು ಇವೆಲ್ಲ ಕಾರ್ಪೆಟ್ಟಿನ ಮೇಲ್ಗಡೆ ಇರುತ್ತವೆ. ಬ್ರಶ್ ಇರುವ ಯಾವ ಸಾಧಾರಣ ಮಷಿನ್ ಆದರೂ ಅವನ್ನು ಎತ್ತುತ್ತದೆ. ಚಪ್ಪಲಿಗೆ ಅಂಟಿಕೊಂಡು ಬರುವ ಸಣ್ಣ ಮರಳು ಹಾಗಲ್ಲ. ಭಾರ ಇರುವುದರಿಂದ ಸೀದಾ ಬುಡಕ್ಕೆ ಇಳಿಯುತ್ತದೆ. ಅದರ ಅಂಚು ಚೂಪು. ನಾವು ಓಡಾಡಿದಾಗಲೆಲ್ಲ ಅದು ಎಳೆಗಳ ಬುಡವನ್ನು ಉಜ್ಜುತ್ತಲೇ ಇರುತ್ತದೆ. ಜನ ಜಾಸ್ತಿ ಓಡಾಡುವ ದಾರಿಯಲ್ಲಿ ಕಾರ್ಪೆಟ್ ಮಂಕಾಗಿ, ಸವೆದು, ಎಷ್ಟು ತೊಳೆಸಿದರೂ ಮೊದಲಿನ ಬಣ್ಣಕ್ಕೆ ಬರದೇ ಇರುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಕಾರ್ಪೆಟ್ಟಿಗೆ ಅಂತಲೇ ಅಪ್‌ರೈಟ್ ಕೊಳ್ಳುವುದು ಈ ಮರಳನ್ನು ಬಡಿದು ಮೇಲೆ ತರಲಿ ಅಂತ. ಡೆಮೊದಲ್ಲಿ ಅದನ್ನೇ ಪರೀಕ್ಷೆ ಮಾಡುವುದಿಲ್ಲ ಅಂದರೆ ಮತ್ತೇನು ಪರೀಕ್ಷೆ ಮಾಡಿದ ಹಾಗಾಯಿತು?

ಕೊಂಡ ಮೇಲೆ ಮೊದಮೊದಲು ನಮಗೆ ಖುಷಿಯೇ ಆಗಿತ್ತು. ಪ್ರತಿ ಸಲವೂ ಮಷಿನ್‌ನ ಧೂಳಿನ ಡಬ್ಬಿ ಭರ್ತಿ. ಎಷ್ಟು ಕೊಳೆ ಬರುತ್ತಿದೆ ನೋಡಿ ಅಂತ ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ಆದರೆ ಡಬ್ಬಿಯಲ್ಲಿದ್ದದ್ದು ಮುಕ್ಕಾಲು ಪಾಲು ಉಣ್ಣೆಯ ನಾರು! ಹೊಸ ಕಾರ್ಪೆಟ್ ಕೆಲವು ತಿಂಗಳು ಹೀಗೆ ನಾರು ಉದುರಿಸುತ್ತದೆ, ಅದು ಸಹಜ. ನಮ್ಮದು ಹೊಸದಲ್ಲ, ನಾರು ಉದುರುವುದು ಯಾವಾಗಲೋ ನಿಂತಿತ್ತು. ಈ ಮಷಿನ್ ಬಂದ ಮೇಲೆ ಮತ್ತೆ ಶುರುವಾಯಿತು, ಅಂದರೆ ಬ್ರಶ್ ಕಾರ್ಪೆಟ್ಟನ್ನೇ ಕೆರೆದು ಕೆರೆದು ಡಬ್ಬಿ ತುಂಬುತ್ತಿತ್ತು. ಡಬ್ಬಿ ತುಂಬಿದೆ ಅಂತ ಮೆಚ್ಚಿಕೊಳ್ಳುವ ಮೊದಲು ಅದನ್ನು ಕಾಗದದ ಮೇಲೆ ಸುರಿದು ನೋಡಿ. ಹತ್ತಿಯ ಹಾಗೆ ಹಗುರವಾಗಿ ಕಾರ್ಪೆಟ್ಟಿನದೇ ಬಣ್ಣದಲ್ಲಿ ಇದ್ದರೆ ಅದು ಕೊಳೆ ಅಲ್ಲ, ನಿಮ್ಮ ಕಾರ್ಪೆಟ್.

ನಿಜ ಹೊರಬಿದ್ದದ್ದು ಕಾರ್ಪೆಟ್ ಸುತ್ತಿ ಎತ್ತಿದಾಗ. ಕೆಳಗೆ ನೆಲದ ಮೇಲೆ ಮರಳು ಹಾಸಿತ್ತು. ಮಗುಚಿ ಹಿಂಬದಿಯಿಂದ ಕೈಯಲ್ಲಿ ತಟ್ಟಿದರೆ ಇನ್ನೂ ಉದುರುತ್ತಲೇ ಇತ್ತು. ಹಿಂದಿನ ದಿನವಷ್ಟೇ ಅದೇ ಮಷಿನ್‌ನಿಂದ ಪೂರ್ತಿ ಗುಡಿಸಿದ್ದೆ.

ಸರ್ವಿಸ್‌ಗೆ ಫೋನ್ ಮಾಡಿದರೆ ಮೊದಲು ಬಂದ ಉತ್ತರ "ನಮ್ಮದು ಇಷ್ಟು ವ್ಯಾಟ್ ಮೋಟಾರ್ ಮೇಡಂ, ಇದಕ್ಕಿಂತ ಪವರ್ ಬೇರೆ ಯಾವುದರಲ್ಲೂ ಇಲ್ಲ". ಈ ವ್ಯಾಟ್ ಲೆಕ್ಕ ದೊಡ್ಡ ಕಣ್ಕಟ್ಟು. ಡಬ್ಬದ ಮೇಲೆ ಬರೆದಿರುವ ವ್ಯಾಟ್ ಅಂದರೆ ಮಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ, ಎಷ್ಟು ಕೊಳೆ ತೆಗೆಯುತ್ತದೆ ಅಂತ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2014ರ ಸೆಪ್ಟೆಂಬರಿನಿಂದ 1600 ವ್ಯಾಟ್ ಮತ್ತು ಅದಕ್ಕೂ ಮೇಲಿನವನ್ನು, 2017ರ ಸೆಪ್ಟೆಂಬರಿನಿಂದ 900 ವ್ಯಾಟ್ ಮತ್ತು ಅದಕ್ಕೂ ಮೇಲಿನವನ್ನು ಮಾರುಕಟ್ಟೆಗೆ ಬಿಡುವುದನ್ನೇ ನಿಲ್ಲಿಸಿದರು. ಅಲ್ಲಿನ ಮನೆಗಳ ಕಾರ್ಪೆಟ್ ಅದರಿಂದ ಕೊಳೆಯಾಗೇನೂ ಉಳಿಯಲಿಲ್ಲ. ಅದೇ ಒಕ್ಕೂಟದಲ್ಲಿ ಎಷ್ಟು ಕರೆಂಟ್ ತಿನ್ನುತ್ತದೆ, ಎಷ್ಟು ಚೆನ್ನಾಗಿ ಕೊಳೆ ತೆಗೆಯುತ್ತದೆ ಅಂತ ಮಷಿನ್‌ಗಳ ಮೇಲೆ ಅಂಟಿಸುತ್ತಿದ್ದ ಲೇಬಲ್‌ನ ಕಥೆಯೂ ಹೀಗೇ. ಖಾಲಿ ಬ್ಯಾಗ್, ಖಾಲಿ ಡಬ್ಬಿ ಇಟ್ಟು ಪರೀಕ್ಷೆ ಮಾಡಿ ಅಂಕ ಕೊಡುತ್ತಿದ್ದರು. ಮನೆಯಲ್ಲಿ ಯಾರು ಯಾವಾಗಲೂ ಖಾಲಿ ಬ್ಯಾಗ್ ಇಟ್ಟುಕೊಂಡು ಗುಡಿಸುತ್ತಾರೆ? ವ್ಯಾಕ್ಯೂಮ್ ಕ್ಲೀನರ್ ಮಾಡುವ ಡೈಸನ್ ಕಂಪನಿ ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋಯಿತು, 2018ರ ನವೆಂಬರಿನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಆ ಲೇಬಲ್ ನಿಯಮವನ್ನೇ ರದ್ದು ಮಾಡಿತು. ಸರ್ಕಾರಿ ಲೇಬಲ್‌ನ ಹೋಲಿಕೆಗೇ ಈ ಗತಿ ಅಂದರೆ ಮಾರುವವರು ತಾವೇ ತೋರಿಸುವ ಹೋಲಿಕೆಯನ್ನು ಹೇಗೆ ನಂಬುವುದು ಹೇಳಿ.

ಪೈಪಿನ ಬಾಯಿಗೆ ಭಾರದ ಚೆಂಡು ಅಂಟಿಸಿ ಎತ್ತಿ ತೋರಿಸುತ್ತಾರಲ್ಲ, ಅದೂ ಅಷ್ಟೇ. ಬಾಯಿ ಪೂರ್ತಿ ಮುಚ್ಚಿದಾಗ ಹಿಡಿತ ಎಷ್ಟು ಅಂತ ಅದರಲ್ಲಿ ಗೊತ್ತಾಗುತ್ತದೆ. ಆದರೆ ಬಾಯಿ ಮುಚ್ಚಿದಾಗ ಒಳಗೆ ಗಾಳಿಯೇ ಓಡುವುದಿಲ್ಲ. ಕೊಳೆಯನ್ನು ಹೊತ್ತುಕೊಂಡು ಹೋಗುವುದು ಓಡುವ ಗಾಳಿ. ಹಿಡಿತವೂ ಬೇಕು, ಗಾಳಿಯ ಓಟವೂ ಬೇಕು, ಎರಡೂ ಒಟ್ಟಿಗೆ ಇರಬೇಕು. ಅದರ ಜೊತೆಗೆ ಬ್ರಶ್ ಎಳೆಗಳನ್ನು ಬಿಡಿಸಿ ಅದುರಿಸಿದರೆ ಮಾತ್ರ ಬುಡದ ಮರಳು ಮೇಲೆ ಬರುತ್ತದೆ.

ನಮ್ಮ ಮಷಿನ್ ಕೆಟ್ಟದ್ದು ಇಲ್ಲೇ. ಅದರಲ್ಲಿ ಬ್ರಶ್ ಇರುವ ಬಾಯಿಯ ಎತ್ತರ ಬದಲಾಯಿಸುವ ಸೌಲಭ್ಯ ಇಲ್ಲ. ದಪ್ಪ ಕಾರ್ಪೆಟ್ಟಿನ ಮೇಲೆ ಇಟ್ಟ ತಕ್ಷಣ ಬಾಯಿ ಒಳಗೆ ಹೂತುಕೊಂಡು ಅಂಟಿಕೊಳ್ಳುತ್ತದೆ, ತಳ್ಳಲು ತೋಳು ನೋಯುತ್ತದೆ, ಮೋಟಾರಿನ ಸದ್ದು ಕೀರಲಾಗುತ್ತದೆ. ಆ ಕೀರಲು ಸದ್ದನ್ನು ಜನ ಪವರ್ ಅಂದುಕೊಳ್ಳುತ್ತಾರೆ. ಅದು ಗಾಳಿ ಕಟ್ಟಿಕೊಂಡಾಗ ಮೋಟಾರ್ ಹಗುರಾಗಿ ಇನ್ನೂ ಜೋರಾಗಿ ತಿರುಗುವ ಸದ್ದು. ಕೆಲಸ ನಡೆಯುತ್ತಿಲ್ಲ ಅಂತ ಅರ್ಥ. ಇನ್ನು ಬ್ರಶ್ ತಿರುಗಿಸುವುದು ಒಂದು ಚಪ್ಪಟೆ ರಬ್ಬರ್ ಬೆಲ್ಟ್. ಅದು ಬಳಸಿದ ಹಾಗೆ ಹಿಗ್ಗುತ್ತದೆ. ಹಿಗ್ಗಿದ ಬೆಲ್ಟ್ ಗಾಳಿಯಲ್ಲಿ ಬ್ರಶ್ಶನ್ನು ಚೆನ್ನಾಗೇ ತಿರುಗಿಸುತ್ತದೆ, ಕಾರ್ಪೆಟ್ಟಿಗೆ ತಾಗಿದರೆ ಜಾರುತ್ತದೆ. ಎತ್ತಿ ನೋಡಿದಾಗ ಬ್ರಶ್ ಗಿರಗಿರ ತಿರುಗುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೆಲ್ಟ್ ಆಗಾಗ ಬದಲಾಯಿಸಬೇಕು ಅಂತ ಮಾರುವಾಗ ಒಂದು ಮಾತು ಹೇಳಿರಲಿಲ್ಲ. ಹಲ್ಲಿರುವ ಬೆಲ್ಟ್ ಹಾಕಿದ ಮಷಿನ್‌ಗಳೂ ಸಿಗುತ್ತವೆ, ಅವು ಹೀಗೆ ಜಾರುವುದಿಲ್ಲ, ಬಾಳಿಕೆಯೂ ಜಾಸ್ತಿ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಲೂಪ್ ವಿಷಯ. ನಮ್ಮ ಕಾರ್ಪೆಟ್ ಲೂಪ್ ಜಾತಿಯದು, ಅಂದರೆ ಎಳೆಯ ತುದಿ ಕತ್ತರಿಸಿರುವುದಿಲ್ಲ, ಸಣ್ಣ ಸಣ್ಣ ಕುಣಿಕೆಯ ಹಾಗೆ ಮಡಚಿರುತ್ತದೆ. ಗಟ್ಟಿ ಬ್ರಶ್ ಆ ಕುಣಿಕೆಗೆ ಸಿಕ್ಕಿಕೊಂಡರೆ ಎಳೆ ಉದ್ದಕ್ಕೆ ಬಿಚ್ಚಿಕೊಂಡು ಬರುತ್ತದೆ. ನಮ್ಮದರಲ್ಲಿ ಹಾಗೇ ಆಯಿತು, ಬಾಗಿಲ ಹತ್ತಿರ ಒಂದು ಸಾಲು ಪೂರ್ತಿ ಕಿತ್ತು ನಿಂತಿತು. ದೂರು ಕೊಟ್ಟರೆ ಮ್ಯಾನುಯಲ್‌ನ ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿದ್ದ ಒಂದು ಸಾಲು ತೋರಿಸಿದರು: ಲೂಪ್ ಕಾರ್ಪೆಟ್ಟಿನ ಮೇಲೆ ಬ್ರಶ್ ಆಫ್ ಮಾಡಿ ಬಳಸಿ. ಆದರೆ ಈ ಮಾಡೆಲ್‌ನಲ್ಲಿ ಬ್ರಶ್ ಆಫ್ ಮಾಡುವ ಸ್ವಿಚ್ಚೇ ಇಲ್ಲ! ಬೇರೆ ಮಾಡೆಲ್‌ಗೆ ಬರೆದ ಮ್ಯಾನುಯಲ್ಲನ್ನೇ ಇದಕ್ಕೂ ಹಾಕಿ ಕಳಿಸಿದ್ದಾರೆ. ಡೆಮೊಗೆ ಬಂದವರು ಇದೇ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಕೂತು ಮಷಿನ್ ಓಡಿಸಿದ್ದರು, ಅದು ಲೂಪ್ ಅಂತ ಅವರಿಗೆ ಕಾಣಲಿಲ್ಲವೇ? ಇದು ಬಳಕೆಯ ಸವೆತ, ವಾರಂಟಿಗೆ ಬರುವುದಿಲ್ಲ ಅಂತ ಬರೆದು ಕಳಿಸಿದರು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಆಮೇಲೆ ನಾನೇ ಹೋಲಿಸಿ ನೋಡಲು ಕೂತೆ. ಅಕ್ಕನ ಮನೆಯಲ್ಲಿ ಬ್ಯಾಗ್ ಹಾಕುವ ಹಳೇ ಅಪ್‌ರೈಟ್ ಇತ್ತು, ವ್ಯಾಟ್ ನಮ್ಮದಕ್ಕಿಂತ ಎಷ್ಟೋ ಕಡಿಮೆ, ಎತ್ತರ ಬದಲಾಯಿಸುವ ತಿರುಪು ಇದೆ. ಅದನ್ನು ತಂದೆ. ಅಮೆರಿಕದ ಎಎಸ್‌ಟಿಎಂ ಅನ್ನುವ ಮಾನದಂಡ ಸಂಸ್ಥೆಯ ಎಫ್ 608 ಅನ್ನುವ ಪರೀಕ್ಷೆಯಲ್ಲಿ 90 ಪಾಲು ಸಿಲಿಕಾ ಮರಳು, 10 ಪಾಲು ಟಾಲ್ಕ್ ಪುಡಿ ಸೇರಿಸಿ ಕಾರ್ಪೆಟ್ಟಿನ ಒಳಗೆ ಇಳಿಯುವ ಹಾಗೆ ಒತ್ತುತ್ತಾರೆ, ನಾಲ್ಕು ಜಾತಿಯ ಕಾರ್ಪೆಟ್ ಮೇಲೆ ಮಷಿನ್ ಓಡಿಸಿ ಎಷ್ಟು ಬಂತು ಅಂತ ತೂಕದಲ್ಲಿ ನೋಡುತ್ತಾರೆ. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಆಗುವುದಿಲ್ಲ. ಆದರೆ ಅದೇ ದಾರಿ ಹಿಡಿಯಬಹುದು. ಉಳಿದಿದ್ದ ಒಂದು ಕಾರ್ಪೆಟ್ ತುಂಡನ್ನು ಅಡುಗೆಮನೆಯ ತೂಕದ ಮಷಿನ್ ಮೇಲಿಟ್ಟು ತೂಗಿದೆ. ಜರಡಿ ಹಿಡಿದು ಒಣಗಿಸಿದ ಸಣ್ಣ ಮರಳು 50 ಗ್ರಾಂ ಹಾಕಿ, ಕಾಲಲ್ಲಿ ಚೆನ್ನಾಗಿ ತುಳಿದು ಬುಡಕ್ಕೆ ಇಳಿಸಿ, ಒಂದೊಂದು ಮಷಿನ್‌ಗೂ ಸಮನಾಗಿ ಹಿಂದೆ ಮುಂದೆ ಮಾಡಿ, ತುಂಡನ್ನು ಮತ್ತೆ ತೂಗಿದೆ. ಪ್ರತಿ ಸಲವೂ ಹಿಂದಿನ ಮರಳನ್ನು ಮಗುಚಿ ತಟ್ಟಿ ಪೂರ್ತಿ ಉದುರಿಸಿದ ಮೇಲೆಯೇ ಹೊಸದು ಹಾಕಿದ್ದು. ಒಮ್ಮೆ ಅಕ್ಕನದು ಮೊದಲು, ಒಮ್ಮೆ ನಮ್ಮದು ಮೊದಲು. ಯಾವ ಕ್ರಮದಲ್ಲಿ ಮಾಡಿದರೂ ನಮ್ಮದು ಅರ್ಧ ಮರಳನ್ನೂ ಎತ್ತಲಿಲ್ಲ. ಅಕ್ಕನದು ಬಹುಪಾಲು ಎತ್ತಿತು. ಅದರ ಎತ್ತರ ಬೇಕಂತಲೇ ತಪ್ಪಾಗಿ ಇಟ್ಟು ಓಡಿಸಿದಾಗ ಅದೂ ಸೋತಿತು, ಅಂದರೆ ಮಷಿನ್ ಒಳ್ಳೆಯದಾದರೂ ಕಾರ್ಪೆಟ್ಟಿಗೆ ಹೊಂದುವ ಹಾಗೆ ಇಡದಿದ್ದರೆ ಪ್ರಯೋಜನ ಇಲ್ಲ.

ಹಾಗಾಗಿ ಮಾರುವವರು ಮನೆಗೆ ಬಂದರೆ ಅವರ ಮಷಿನ್ ಮೊದಲು ಓಡಿಸಲು ಹೇಳಿ, ಆಮೇಲೆ ನಿಮ್ಮದು. ಒಪ್ಪದಿದ್ದರೆ ಅಲ್ಲಿಗೇ ಮಾತು ಮುಗಿಸಿ ಕಳಿಸಿ. ಅಂಗಡಿಗೆ ಹೋಗುವವರು ನಿಮ್ಮ ಕಾರ್ಪೆಟ್ಟಿನದೇ ಒಂದು ತುಂಡು ಒಯ್ಯಿರಿ, ಅಂಗಡಿಯವರು ಹಾಸಿರುವ ತೆಳ್ಳನೆ ಕಾರ್ಪೆಟ್ ಮೇಲೆ ಎಲ್ಲ ಮಷಿನ್‌ಗಳೂ ಒಂದೇ ರೀತಿ ಕಾಣುತ್ತವೆ. ಎತ್ತರ ಬದಲಾಯಿಸಬಹುದಾ, ಬ್ರಶ್ ಆಫ್ ಮಾಡಬಹುದಾ, ಬೆಲ್ಟ್ ಯಾವ ತರಹದ್ದು, ಬಿಡಿಯಾಗಿ ಸಿಗುತ್ತದಾ ಕೇಳಿ. ದುಡ್ಡು ಕೊಡುವ ಮೊದಲು ಮ್ಯಾನುಯಲ್ ತರಿಸಿ ನಿಮ್ಮ ಕಾರ್ಪೆಟ್ ಜಾತಿಯ ಬಗ್ಗೆ ಏನು ಬರೆದಿದೆ ನೋಡಿ. ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ಬರವಣಿಗೆಯಲ್ಲೇ ತೆಗೆದುಕೊಳ್ಳಿ, ಆ ದಿನಗಳೊಳಗೇ ಮರಳಿನ ಪರೀಕ್ಷೆ ಮುಗಿಸಿ. ಮರಳು ಒಣಗಿರಲಿ, ಹಳೇ ತುಂಡಿನ ಮೇಲೇ ಮಾಡಿ, ಒಳ್ಳೆ ಕಾರ್ಪೆಟ್ ಮೇಲೆ ಬೇಡ. ಅಡುಗೆ ಸೋಡಾ ಎರಚಿ ಪರೀಕ್ಷೆ ಮಾಡುವವರನ್ನೂ ನೋಡಿದ್ದೇನೆ, ಅದು ಮೇಲ್ಗಡೆ ಉಳಿಯುವ ಪುಡಿ, ಜೊತೆಗೆ ಫಿಲ್ಟರ್ ಕಟ್ಟಿಹೋಗುತ್ತದೆ.

ಈಗಾಗಲೇ ಇಂಥ ಮಷಿನ್ ತಗೊಂಡು ಕೂತಿರುವವರು, ಕಾರ್ಪೆಟ್ ಎತ್ತಬಹುದಾದರೆ ಮಗುಚಿ ಹಾಕಿ. ನೇಯ್ದ ಕಾರ್ಪೆಟ್ ಆದರೆ ಹಿಂಬದಿಯ ಮೇಲೆ ಬ್ರಶ್ ತಿರುಗಿಸುತ್ತಾ ನಿಧಾನವಾಗಿ ಓಡಿಸಿ, ಅದುರಿ ಅದುರಿ ಮರಳು ನೆಲಕ್ಕೆ ಇಳಿಯುತ್ತದೆ, ಆಮೇಲೆ ನೆಲ ಗುಡಿಸಿ. ಹಿಂಬದಿಗೆ ಅಂಟು ಅಥವಾ ರಬ್ಬರ್ ಬಳಿದಿದ್ದರೆ ಹೀಗೆ ಮಾಡಬೇಡಿ. ಎಳೆ ಕಿತ್ತು ನಿಂತಿದ್ದರೆ ಎಳೆಯಬೇಡಿ, ಎಳೆದರೆ ಸಾಲು ಪೂರ್ತಿ ಬಿಚ್ಚುತ್ತದೆ, ಉಳಿದ ಎಳೆಗಳ ಮಟ್ಟಕ್ಕೆ ಕತ್ತರಿಯಲ್ಲಿ ಕತ್ತರಿಸಿ ಬಿಡಿ.